ಇಳಿಯುವ ದಾರಿ

"ಈ ಸಾಲು ನಾನು ಬರೆದದ್ದಲ್ಲ," ಎಂದು ಕಾದಂಬರಿಕಾರರು ಪುಸ್ತಕವನ್ನು ಅವನ ಮೇಜಿನ ಮೇಲೆ ಬೋರಲು ಹಾಕಿದರು.

ಅವನು ಕರಡಿನಿಂದ ತಲೆ ಎತ್ತಲಿಲ್ಲ. ಹದಿನೇಳು ವರ್ಷದಿಂದ ಇದೇ ಪ್ರಕಾಶನದಲ್ಲಿ, ಇದೇ ಕಿಟಕಿಯ ಪಕ್ಕ, ಊರವರು ಬರೆದದ್ದನ್ನೆಲ್ಲ ತಿದ್ದುತ್ತ ಕೂತವನಿಗೆ ತಲೆ ಎತ್ತದೆ ಮಾತಾಡುವುದು ಅಭ್ಯಾಸವಾಗಿ ಹೋಗಿತ್ತು.

"ಯಾವ ಸಾಲು ಸಾರ್?"

"ಇನ್ನೂರ ಹನ್ನೆರಡನೇ ಪುಟ. ಕವಲಿನ ಹತ್ರ."

ಯಾವ ಸಾಲೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿದ್ದು ಉಸಿರು ತೆಗೆದುಕೊಳ್ಳಲು ಅಷ್ಟೆ.

ನಲವತ್ತು ದಿನ ಬೆಟ್ಟದಿಂದ ಬೆಟ್ಟಕ್ಕೆ ನಡೆಯುವ ಒಬ್ಬ ಮನುಷ್ಯನ ಕಥೆ ಅದು. ಎರಡು ವರ್ಷದ ಹಿಂದೆ ಅಚ್ಚಾದಾಗ ಐನೂರು ಪ್ರತಿ ಹೋದರೆ ದೊಡ್ಡದು ಎಂದು ಪ್ರಕಾಶನದ ಯಜಮಾನರು ಗೊಣಗಿದ್ದರು. ಆದರೆ ಬೀದಿಯ ತುದಿಯ ಅಂಗಡಿಗೂ ಸ್ಕೂಟರಿನಲ್ಲಿ ಹೋಗುತ್ತಿದ್ದ ಜನ ಪುಸ್ತಕ ಓದಿ ಬೂಟು ಕೊಂಡರು, ಬೆನ್ನಿಗೆ ಚೀಲ ಕಟ್ಟಿದರು, ರಜೆ ಹಾಕಿ ಹೊರಟೇಬಿಟ್ಟರು. ಅದು ನಿಜವಾದ ದಾರಿ. ಕಾದಂಬರಿಕಾರರು ಅದನ್ನು ಮೂರು ಸಲ ನಡೆದವರು. ಈಗ ಅಲ್ಲಿ ಹೋಗುವವರ ಚೀಲದಲ್ಲಿ ನಕ್ಷೆ ಇಲ್ಲದಿದ್ದರೂ ಈ ಪುಸ್ತಕ ಇರುತ್ತದಂತೆ.

ಇಪ್ಪತ್ತೊಂದನೆಯ ದಿನ ಕಥೆಯ ಮನುಷ್ಯ ಒಂದು ಕವಲಿಗೆ ಬರುತ್ತಾನೆ. 'ಎಡಕ್ಕೆ ಇಳಿದ' ಎಂದಷ್ಟೇ ಹಸ್ತಪ್ರತಿಯಲ್ಲಿತ್ತು. ಅದು ಕರಡು ತಿದ್ದುತ್ತಿದ್ದ ಅವನಿಗೆ ರುಚಿಸಲಿಲ್ಲ. ಇಪ್ಪತ್ತು ದಿನ ಏದುಸಿರು ಬಿಟ್ಟು ಹತ್ತಿ, ಶಿಖರ ಕಣ್ಣಿಗೆ ಬಿದ್ದ ಹೊತ್ತಿನಲ್ಲಿ ಇಳಿಯುವುದೆಂದರೇನು? ಹೊಡೆದುಹಾಕಿ 'ಬಲಕ್ಕೆ ಹತ್ತಿದ' ಎಂದು ಮಾಡಿದ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಮುಂದೆ ಇನ್ನೊಂದು ವಾಕ್ಯ ತಾನಾಗಿ ಬಂತು: 'ಕಾಲು ಯಾವ ದಾರಿಯನ್ನು ಬೇಡವೆನ್ನುತ್ತದೋ ಅದೇ ನಿನ್ನ ದಾರಿ.' ಕಾದಂಬರಿಕಾರರು ಆಗ ಎಲ್ಲೋ ನಡೆಯಲು ಹೋಗಿದ್ದರು. ನೀವೇ ನೋಡಿ ಕಳಿಸಿ ಎಂದಿದ್ದರು. ಅವನು ನೋಡಿ ಕಳಿಸಿದ್ದ. ಹದಿನೇಳು ವರ್ಷದಲ್ಲಿ ಅವನು ಸ್ವಂತವಾಗಿ ಬರೆದದ್ದು ಅದೊಂದೇ ವಾಕ್ಯ.

"ಮಾತು ಚೆನ್ನಾಗಿದೆ ಕಣ್ರೀ. ನನಗಿಂತ ಚೆನ್ನಾಗಿದೆ," ಎಂದರು ಕಾದಂಬರಿಕಾರರು. "ಆದ್ರೆ ಅಲ್ಲಿ ಹತ್ತಬಾರದು. ಹತ್ತಿದ್ರೆ ಅರ್ಧ ಮೈಲಿ ಆದ್ಮೇಲೆ ಬರೀ ಸಡಿಲ ಕಲ್ಲು, ಪಕ್ಕದಲ್ಲಿ ಕಮರಿ. ಇಳಿಯೋ ದಾರೀನೇ ಹಳ್ಳ ದಾಟಿ ಆಮೇಲೆ ಮೇಲಕ್ಕೆ ಹೋಗೋದು. ಇಬ್ಬರು ಬಿದ್ದಿದಾರೆ. ಒಬ್ಬಳಿಗೆ ಸೊಂಟ ಮುರಿದಿದೆ. ಅವಳು ಮಲಗಿದಲ್ಲಿಂದ ನನಗೆ ಕಾಗದ ಬರೆದಿದಾಳೆ. ಆಗಲೇ ನಾನು ಪುಸ್ತಕ ತೆಗೆದು ನೋಡಿದ್ದು."

"ಅಚ್ಚಿಗೆ ಪುಟ ಕಟ್ಟುವಾಗ ಏನೋ ಆಗಿರಬೇಕು ಸಾರ್."

"ಪುಟ ಕಟ್ಟುವಾಗ ಒಂದು ಇಡೀ ವಾಕ್ಯ ಹುಟ್ಟುತ್ತಾ?"

"ಒಂದೊಂದು ಸಲ..."

ಅವರು ಅವನನ್ನೇ ನೋಡಿದರು. ಕೋಪವಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ಹೊಸ ಮುದ್ರಣದಲ್ಲಿ ತೆಗೆದುಬಿಡಿ," ಎಂದು ಎದ್ದರು. ಎಪ್ಪತ್ತು ದಾಟಿದ ಮನುಷ್ಯ ಲಿಫ್ಟಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು.

ಅವನ ಹೆಂಡತಿ ಆ ದಾರಿಯಲ್ಲಿದ್ದಳು. ಇವತ್ತಿಗೆ ಇಪ್ಪತ್ತನೆಯ ದಿನ.

ಅವಳು ಹಲ್ಲಿನ ಡಾಕ್ಟರ ಬಳಿ ಬಂದವರ ಹೆಸರು, ಹೊತ್ತು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಗಂಡ ತಿದ್ದಿದ ಪುಸ್ತಕಗಳನ್ನು ಅವಳು ಮುಟ್ಟುತ್ತಿರಲಿಲ್ಲ. ಇದನ್ನು ಮಾತ್ರ ಒಂದೇ ಭಾನುವಾರದಲ್ಲಿ ಮುಗಿಸಿದಳು. ಅಡುಗೆಮನೆಗೆ ಬಂದು, ಕೆಳಗೆ ಗೆರೆ ಎಳೆದ ಒಂದು ವಾಕ್ಯವನ್ನು ಓದಿ ಹೇಳಿದಳು. "ಇದನ್ನ ಬರೆದವರಿಗೆ ನಾನು ಗೊತ್ತು ಅನ್ಸುತ್ತೆ ರೀ," ಎಂದಳು. ಅವನು ಲೋಟ ತೊಳೆಯುತ್ತಿದ್ದ. ಹೂಂ ಎಂದ.

ಅದು ನಾನೇ ಕಣೇ ಎಂದು ಅವತ್ತೇ ಹೇಳಬಹುದಿತ್ತು. ಹಬೆಯಾಡುವ ಸಂತೋಷವನ್ನು ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಳ್ಳೋಣ ಎಂದುಕೊಂಡ. ವಾರ ಕಳೆಯುವಷ್ಟರಲ್ಲಿ ಅವಳು ಬೆಳಗ್ಗೆ ಐದಕ್ಕೆ ಎದ್ದು ನಡೆಯತೊಡಗಿದ್ದಳು. ಕೆನ್ನೆಗೆ ಬಣ್ಣ ಬಂತು. ಯಾರೋ ಕಾದಂಬರಿಕಾರ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಅವನಿಗೆ ಹೊಟ್ಟೆ ಉರಿಯಿತು. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಭಾಗ್ಯ ಎಷ್ಟು ಜನಕ್ಕಿದೆ!

"ನೀವೂ ಬನ್ನಿ," ಎಂದು ಒಂದು ಸಲ ಕರೆದಿದ್ದಳು.

"ಕೆಲಸ ಇದೆ."

ಅವಳು ಎರಡನೇ ಸಲ ಕರೆಯಲಿಲ್ಲ.

ಹನ್ನೊಂದೂವರೆಗೆ ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದ. ದಾರಿಯಲ್ಲಿ ಅಲ್ಲಲ್ಲಿ ತಂಗುಮನೆಗಳಿದ್ದವು. ಇವತ್ತು ಅವಳು ಮಧ್ಯಾಹ್ನದವರೆಗೆ ಎಲ್ಲಿರುತ್ತಾಳೆ ಎಂಬುದು ಪುಸ್ತಕ ಬಾಯಿಪಾಠವಿದ್ದ ಅವನಿಗೆ ಗೊತ್ತಿತ್ತು. ತಂಗುಮನೆಯ ಕಾವಲುಗಾರ ಎತ್ತಿಕೊಂಡ, "ಇಲ್ಲೇ ಇದಾರೆ, ಕರೀತೀನಿ," ಎಂದ. ಅಷ್ಟು ಸುಲಭವಾಗಿ ಸಿಕ್ಕಾಳೆಂದು ಅವನು ಎಣಿಸಿರಲಿಲ್ಲ.

"ಯಾಕ್ರೀ? ಏನಾಯ್ತು?"

"ಏನಿಲ್ಲ. ಬಚ್ಚಲಿನ ಬಲ್ಬ್ ಹೋಗಿದೆ. ಹೊಸದು ಎಲ್ಲಿಟ್ಟಿದೀಯ?"

"ಬಲ್ಬಾ? ಅದಕ್ಕೆ ಇಲ್ಲಿಗೆ ಫೋನ್ ಮಾಡಿದ್ರಾ?"

"ಹೂಂ."

"ಬೀರುವಿನ ಮೇಲೆ. ಊಟ ಮಾಡಿ ಹೊರಡ್ತೀನಿ ರೀ. ರಾತ್ರಿ ಕವಲಿನ ಕೆಳಗೆ ಡೇರೆ ಹಾಕಿ, ಬೆಳಗ್ಗೆ ಹತ್ತೋದು. ನನ್ನ ಸಾಲಿನ ಜಾಗ."

"ಅದು..."

"ಏನು?"

"ಚಳಿ ಇರುತ್ತೇನೋ ಅಲ್ಲಿ."

ಅವಳು ನಕ್ಕಳು. ಮನೆಯಲ್ಲಿ ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು. "ಇರುತ್ತೆ. ಇದ್ದರೇನಂತೆ? ನೀವು ಸರಿಯಾಗಿ ಊಟ ಮಾಡ್ತಿದೀರಾ?"

"ಮಾಡ್ತಿದೀನಿ. ಹುಷಾರು."

ಹೇಳಬೇಕಾದ್ದು ಎರಡೇ ಮಾತು. ಆ ಸಾಲು ಬರೆದವನು ನಾನು. ಆ ಸಾಲು ಸುಳ್ಳು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಹಾಗಿರಲಿಲ್ಲ, ಮತ್ತು ಎರಡನ್ನೂ ಹೇಳಿದ ಮೇಲೆ ತಾನು ಅವಳ ಪಾಲಿಗೆ ಏನಾಗಿ ಉಳಿಯುತ್ತೇನೆ ಎಂಬುದು ಅವನಿಗೆ ಹೊಳೆಯಲಿಲ್ಲ. ನಾಚಿಕೆಯಾಯಿತು. ಮೊದಲು ಕೆಲಸ ಮುಗಿಸೋಣ, ಆಮೇಲೆ ಮಾಡಿದರಾಯಿತು ಎಂದುಕೊಂಡು ಒಳಗೆ ಹೋದ.

ಹೊಸ ಮುದ್ರಣದ ಪುಟಗಳು ಬಂದಿದ್ದವು. ಇನ್ನೂರ ಹನ್ನೆರಡನ್ನು ತೆಗೆದು 'ಹತ್ತಿದ'ವನನ್ನು ಇಳಿಸಿದ. ವಾಕ್ಯದ ಮೇಲೆ ಒಂದು ಗೆರೆ ಎಳೆದ. ನೋವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ.

"ಸಾರ್, ಪುಟದಲ್ಲಿ ಒಂದು ಸಾಲು ಕಡಿಮೆ ಬೀಳುತ್ತೆ," ಎಂದಳು ಪುಟ ಕಟ್ಟುವವಳು. "ಏನಾದ್ರೂ ಸೇರಿಸ್ತೀರಾ?"

"ಬೇಡ. ಖಾಲಿ ಬಿಡಮ್ಮ."

ಯಜಮಾನರು ಬಂದು ಪುಟ ಪುಟಕ್ಕೂ ಸಹಿ ಹಾಕಿಸಿಕೊಂಡರು. "ನಿಮ್ಮ ಕಣ್ಣು ತಪ್ಪಿಸಿ ಇರುವೆ ಕೂಡ ಹೋಗಲ್ಲ ಬಿಡಿ," ಎಂದು ಬೆನ್ನು ತಟ್ಟಿದರು. ಅವನು ಹಲ್ಲು ಕಿರಿದ. ಗಡಿಯಾರ ನೋಡಿದಾಗ ನಾಲ್ಕೂವರೆ.

ಈ ಸಲ ಮೆಟ್ಟಿಲವರೆಗೂ ಹೋಗದೆ ಕುರ್ಚಿಯಿಂದಲೇ ಫೋನ್ ಮಾಡಿದ.

"ಅವರು ಆಗಲೇ ಹೊರಟುಹೋದ್ರು," ಎಂದ ಕಾವಲುಗಾರ. "ಮೇಲೆ ಫೋನ್ ಸಿಗಲ್ಲ."

"ಅವಳು ಬಲಕ್ಕೆ ಹತ್ತಬಾರದು. ಇಳಿಯೋ ದಾರೀಲಿ ಹೋಗ್ಬೇಕು."

"ನನಗೆ ಹೇಳ್ತೀರಲ್ಲ ಸ್ವಾಮಿ! ನಾನು ಬಂದೋರಿಗೆಲ್ಲ ಅದನ್ನೇ ಹೇಳ್ತೀನಿ. ಅವರಿಗೂ ಹೇಳ್ದೆ. ಪುಸ್ತಕ ತೆಗೆದು ತೋರಿಸಿದ್ರು. ಕೆಳಗೆ ಗೆರೆ ಬೇರೆ ಹಾಕ್ಕೊಂಡಿದಾರೆ. ಕಾಲು ಬೇಡ ಅನ್ನೋ ದಾರೀನೇ ನನ್ನ ದಾರಿ ಅಂದ್ರು. ಅದಕ್ಕೆ ನಾನೇನು ಹೇಳ್ಲಿ?"

"ಯಾರನ್ನಾದ್ರೂ ಹಿಂದೆ ಕಳಿಸೋಕಾಗುತ್ತಾ?"

"ಇವತ್ತು ಹಿಂದೆ ಯಾರೂ ಬಂದಿಲ್ಲ. ನನ್ನ ಮಂಡಿ ಹೊಸಲು ದಾಟಲ್ಲ. ಕಳಿಸಿದ್ರೂ ಕೇಳೋರಲ್ಲ ಅವರು, ಪುಸ್ತಕ ಬರೆದೋರೇ ಬಂದು ಹೇಳ್ಬೇಕು." ಅವನು ತಮಾಷೆಗೆ ಅಂದದ್ದು. "ನೀವು ಯಾರು, ಮನೆಯವರಾ?"

"ನಾನು... ಪುಸ್ತಕದ ಕಡೆಯವನು."

"ಓಹೋ. ಐದೂವರೆ ಬಸ್ಸು ಹಿಡಿದ್ರೆ ಬೆಳಕು ಹರಿಯೋ ಮೊದಲು ಇಲ್ಲಿರ್ತೀರ. ಆಮೇಲೆ ಓಡ್ಬೇಕು."

ಓಡುತ್ತೇನೆ ಎಂದುಕೊಂಡ. ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ತುರುಕಿ, ಯಜಮಾನರು ಕರೆಯುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಹೊರಬಿದ್ದ. ಆಟೋ ಸಿಗಲಿಲ್ಲ, ನಡೆದ, ಬೇಗ ಬೇಗ ನಡೆದ. ಎಷ್ಟೋ ದಿನದ ಮೇಲೆ ಬೆವರು ಕಿತ್ತುಕೊಂಡು ಬಂತು. ವಿಚಿತ್ರವೆಂದರೆ ಹಗುರ ಅನ್ನಿಸುತ್ತಿತ್ತು. ಕವಲಿನ ಬಳಿ ಅವಳು ಡೇರೆ ಮಡಚುತ್ತಿರುತ್ತಾಳೆ, ತಾನು ಏದುಸಿರಿನಲ್ಲೇ ಎರಡೂ ಮಾತು ಹೇಳಿಬಿಡುತ್ತೇನೆ. ಬೈಯಲಿ, ಮುಖ ತಿರುಗಿಸಲಿ, ಇಳಿಯಲಿ.

ಬಸ್ ನಿಲ್ದಾಣ ಹೆದ್ದಾರಿಯ ಆಚೆ ಬದಿಗಿತ್ತು. ಐದು ಇಪ್ಪತ್ತೇಳು. ವಾಹನಗಳು ಕೂದಲೆಳೆಯ ಸಂದು ಬಿಡದೆ ಓಡುತ್ತಿದ್ದವು. ಸಿಗ್ನಲ್ಲು ಅರ್ಧ ಮೈಲಿ ದೂರ. ಎದುರಿಗೇ ಹೊಸ ಪಾದಚಾರಿ ಮೇಲ್ಸೇತುವೆಯ ಮೆಟ್ಟಿಲು ಕಂಡಿತು. ಮೊದಲ ಮೆಟ್ಟಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಒಂದು ಹಲಗೆ ತೂಗುಹಾಕಿದ್ದರು. ಹಲಗೆಯ ಮೇಲಿನ ಅಕ್ಷರಗಳ ನಡುವಿನ ಜಾಗ ಸಮನಾಗಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತು. ಏನು ಬರೆದಿದೆ ಎಂಬುದು ಬೀಳಲಿಲ್ಲ. ಹಗ್ಗ ದಾಟಿ ಹತ್ತಿದ.

ಮಂಡಿ ಬೇಡವೆಂದಿತು. ಕೇಳದೆ ಹತ್ತಿದ. ಹಿಂದೆ ಯಾರದೋ ಹೆಜ್ಜೆ ಸದ್ದು, ಸೂಟ್‌ಕೇಸು ಮೆಟ್ಟಿಲಿಗೆ ಬಡಿಯುವ ಸದ್ದು. ಮೇಲೆ ಗಾಳಿಯಿತ್ತು. ಕೆಳಗಿನ ಗದ್ದಲ ದೂರವಾಯಿತು. ಉದ್ದಕ್ಕೂ ಹೊಸ ಸಿಮೆಂಟಿನ ನೆಲ, ಎರಡೂ ಕಡೆ ಎದೆಯೆತ್ತರದ ತಗಡು. ತಲೆ ಎತ್ತಿ, ಈ ಸೇತುವೆಯನ್ನು ದಿನಾ ದಾಟುವವನ ಹಾಗೆ ನಡೆದ.

ತುದಿಯಲ್ಲಿ ಮೆಟ್ಟಿಲುಗಳಿರಲಿಲ್ಲ. ಸಿಮೆಂಟು ಹಾಗೇ ನಿಂತುಹೋಗಿ, ಅದರೊಳಗಿನಿಂದ ಕಬ್ಬಿಣದ ಸರಳುಗಳು ಗಾಳಿಗೆ ಚಾಚಿಕೊಂಡಿದ್ದವು. ಆಚೆ ಏನೂ ಇಲ್ಲ. ನೇರ ಕೆಳಗೆ ಬಸ್ಸಿನ ತಲೆ ಕಾಣುತ್ತಿತ್ತು, ಬಾಗಿಲು ಹಾಕಿಕೊಳ್ಳುವ ಸದ್ದು ಕೂಡ ಕೇಳಿಸಿತು. ಅದು ಹಿಂದಕ್ಕೆ ಸರಿದು, ತಿರುಗಿ, ಬೆಟ್ಟದ ರಸ್ತೆ ಹಿಡಿಯಿತು.

ಅವನು ಹಿಂತಿರುಗಿದ. ಸೂಟ್‌ಕೇಸಿನವನು ಮುಟ್ಟುವಷ್ಟು ಹತ್ತಿರ ಬಂದಿದ್ದ. ಅವನ ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು, ಇಬ್ಬರು ವಿದ್ಯಾರ್ಥಿನಿಯರು, ಊರುಗೋಲಿನ ಮುದುಕ. ಅವರ ಹಿಂದೆ ಇನ್ನಷ್ಟು ತಲೆಗಳು.

"ಯಾಕೆ ನಿಂತ್ರಿ ಸಾರ್, ಮುಂದೆ ಹೋಗಿ," ಎಂದ ಸೂಟ್‌ಕೇಸಿನವನು. "ನೀವು ಹತ್ತಿದ್ದು ನೋಡಿ ನಾವು ಬಂದದ್ದು."

ಅವನು ಬಾಯಿ ತೆರೆದ. ಗಾಳಿ ತುಂಬಿಕೊಂಡಿತೇ ಹೊರತು ಮಾತು ಹೊರಡಲಿಲ್ಲ. ಸಾಲು ಹಿಂದಿನಿಂದ ಮೆಲ್ಲಗೆ ಒತ್ತುತ್ತಿತ್ತು. ಅಂಗಾಲಿನ ಕೆಳಗೆ ಸಿಮೆಂಟಿನ ಅಂಚು ತಾಗಿತು. ಅವನು ಹತ್ತಿ ಬಂದ ಮೆಟ್ಟಿಲ ಬುಡದಲ್ಲಿ, ಮೇಲೆ ನಿಂತ ಅವನತ್ತ ಕೈ ತೋರಿಸುತ್ತ, ಒಬ್ಬರಿಗೊಬ್ಬರು ಹಗ್ಗ ಎತ್ತಿಕೊಡುತ್ತ, ಜನ ಒಳಗೆ ಬರುತ್ತಲೇ ಇದ್ದರು.