ಬೀಗರ ಕಡೆಯಿಂದ ಉತ್ತರ

ರಂಗಂಪೇಟೆಯ ಮರಿಲಿಂಗಮ್ಮನ ಬಾಯಿಗೆ ಬೀಳದೆ ಮದುವೆಯಾದ ಗಂಡು ಸುರಪುರದ ಸುತ್ತ ಹತ್ತೂರಿನಲ್ಲಿ ಇಲ್ಲ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ, ಬಹಳ ಇಲ್ಲ. ಅರಿಶಿಣ ಹಚ್ಚುವ ಹೊತ್ತಿಗೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಬೈಯಬೇಕು. ಅದು ಬೀಗರ ಪದ. ಗಂಡಿನ ಮೂಗು, ನಡಿಗೆ, ಅವನಪ್ಪನ ಹೊಟ್ಟೆ, ಅವನವ್ವನ ಅಡುಗೆ, ಯಾವುದನ್ನೂ ಬಿಡುವಂತಿಲ್ಲ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಬೈಯದೆ ಬಿಟ್ಟರೆ ಮಾತ್ರ ಸಿಟ್ಟಾಗುತ್ತಾರೆ, ನಮ್ಮನ್ನು ಬೀಗರೆಂದು ಎಣಿಸಲೇ ಇಲ್ಲವಲ್ಲ ಎಂದು.

ಈ ಕೆಲಸದಲ್ಲಿ ಮರಿಲಿಂಗಮ್ಮನಿಗೆ ಒಂದೇ ಕೊರಗು. ಬೈದರೆ ತಿರುಗಿ ಬೈಯುವವರಿರಲಿಲ್ಲ. ಮೊದಲಾದರೆ ಗಂಡಿನ ಕಡೆಯ ಹೆಂಗಸರು ಅಲ್ಲೇ ನಿಂತು ಹಾಡು ಕಟ್ಟಿ ಉತ್ತರ ಕೊಡುತ್ತಿದ್ದರು, ಎರಡು ತಾಸು ಜಗ್ಗಾಟ ನಡೆದು ಯಾರೋ ಒಬ್ಬರು ಸೋತು ನಗುತ್ತಿದ್ದರು. ಈಗ ಅವರು ಮೊಬೈಲು ಎತ್ತಿ ವಿಡಿಯೋ ಮಾಡಿಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಡಿಜೆ ಹಚ್ಚುತ್ತಾರೆ. ಹನ್ನೆರಡು ವರ್ಷದಿಂದ ಅವಳ ಹಾಡಿಗೆ ಒಂದು ಸಾಲು ಉತ್ತರ ಬಂದಿರಲಿಲ್ಲ. ಇಬ್ಬರು ಹಿಡಿದು ತಿರುವಬೇಕಾದ ಬೀಸುಕಲ್ಲನ್ನು ಒಬ್ಬಳೇ ತಿರುವಿದ ಹಾಗೆ ಆಗುತ್ತಿತ್ತು. ಅವಳ ಮೇಳದಲ್ಲಿ ಐದು ಜನ. ಢೋಲಕಿ ಬಾರಿಸುವ ಕುಬ್ರಾಬೇಗಂ ಒಬ್ಬಳಿಗೇ ಇದು ಅರ್ಥವಾಗಿತ್ತು. ಉಳಿದವರು, ಚಪ್ಪಾಳೆ ಬಿತ್ತಲ್ಲ, ಮತ್ತೇನು ಬೇಕು ಎನ್ನುತ್ತಿದ್ದರು.

ಹೀಗಿರುವಾಗ ಸೊಸೆ ಸುಮಂಗಲಾ ಒಂದು ಸುದ್ದಿ ತಂದಳು. ಊರೂರಿನ ಕಲಾಮೇಳಗಳಿಗೆ ಬೆಂಗಳೂರಿನ ಒಂದು ಪ್ರತಿಷ್ಠಾನ ಅನುದಾನ ಕೊಡುತ್ತದಂತೆ. ಸುಮಂಗಲಾ ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು, ಅರ್ಜಿ ತುಂಬುವುದೆಂದರೆ ಅವಳಿಗೆ ಹಬ್ಬ. ನಿಮ್ಮ ಮೇಳಕ್ಕೆ ಏನು ಬೇಕು ಎಂಬ ಪ್ರಶ್ನೆ ಬಂದಾಗ ಅತ್ತೆಯನ್ನು ಕೇಳಿದಳು. ಮರಿಲಿಂಗಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ತಲೆ ಎತ್ತಿದಳು.

"ಉತ್ತರ ಕೊಡೋರು ಬೇಕು ಅಂತ ಬರಿ."

ಹಾಗೆಲ್ಲ ಬರೆದರೆ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆಂದು ಸುಮಂಗಲಾ ನಕ್ಕು, ಒಂದೇ ಬಣ್ಣದ ಐದು ಇಳಕಲ್ ಸೀರೆ, ಮೈಕು, ಸ್ಪೀಕರು ಎಂದು ಬರೆದು ಕಳಿಸಿದಳು. ಎರಡು ತಿಂಗಳಿಗೆ ಫೋನು ಬಂತು. ಸೋಮವಾರ ಒಬ್ಬ ಅಧಿಕಾರಿ ಬಂದು ಹಾಡು ಕೇಳಿ ವರದಿ ಬರೆಯುತ್ತಾರೆ ಎಂದರು.

ಸುಮಂಗಲಾ ಆ ಭಾನುವಾರವೆಲ್ಲ ಐವರಿಗೂ ಬುದ್ಧಿ ಹೇಳಿದಳು. ದೇವರ ಹಾಡು ಹಾಡಬೇಕು, ತೊಟ್ಟಿಲ ಹಾಡು ಹಾಡಬೇಕು, ಬೈಗುಳ ಮಾತ್ರ ಬೇಡ. ಕೊಡುವ ಕೈಯನ್ನು ಯಾರಾದರೂ ಬೈಯುತ್ತಾರೆಯೇ ಎಂಬುದು ಅವಳ ವಾದ. ಅದರಲ್ಲಿ ತಪ್ಪೂ ಇರಲಿಲ್ಲ.

ಬಂದ ಅಧಿಕಾರಿಯ ಹೆಸರು ಹಣಮೇಶ. ಸೈದಾಪುರದ ಕಡೆಯ ಹುಡುಗ, ಕಲಬುರಗಿಯಲ್ಲಿ ರೂಮು ಮಾಡಿಕೊಂಡಿದ್ದ, ಮೂವತ್ತೆರಡು ದಾಟಿದರೂ ಮದುವೆ ಇಲ್ಲ. ಇದೆಲ್ಲ ತಟ್ಟೆಯ ಮಂಡಕ್ಕಿ ಸುಸಲಾ ತಿಂದು ಮುಗಿಸುವಷ್ಟರಲ್ಲಿ ಕುಬ್ರಾಬೇಗಂ ಅವನ ಬಾಯಿಂದ ಹೊರಡಿಸಿಬಿಟ್ಟಳು. ಅವನು ಮೊಬೈಲನ್ನು ಒಂದು ಚೊಂಬಿಗೆ ಒರಗಿಸಿ ರೆಕಾರ್ಡಿಂಗ್ ಹಚ್ಚಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತ.

ಐವರೂ ತಲೆ ಬಗ್ಗಿಸಿ ನಾಲ್ಕು ದೇವರ ಹಾಡು ಹಾಡಿದರು. ಪರೀಕ್ಷೆಗೆ ಕುಳಿತವರ ಹಾಗೆ ಹಾಡಿದರು. ಹಣಮೇಶ ಒಳ್ಳೆಯವನು, ಆಕಳಿಕೆಯನ್ನು ಮೂಗಿನಲ್ಲೇ ಬಿಟ್ಟ. ಮರಿಲಿಂಗಮ್ಮನಿಗೆ ಅದು ಕಾಣಿಸಿತು, ನಾಚಿಕೆಯೂ ಆಯಿತು. ಅವನು ಪುಸ್ತಕದಲ್ಲಿ ಒಂದೇ ಸಾಲು ಬರೆದು, ಅರ್ಜಿಯಲ್ಲಿ ಬೀಗರ ಪದ ಎಂದು ಬರೆದಿದ್ದೀರಲ್ಲ, ಅದನ್ನೊಂದು ಕೇಳಿಸಿ ಎಂದ.

"ಬೀಗರು ಎದುರಿಗಿ ಇರಬೇಕ್ರಿ ಸಾಹೇಬ್ರ," ಎಂದಳು ಮರಿಲಿಂಗಮ್ಮ. "ಇಲ್ಲದವರನ್ನ ಬೈದರ ಅದು ಚಾಡಿ ಆಗ್ತದ. ಹಾಡ ಆಗಂಗಿಲ್ಲ."

ಹಾಗಾದರೆ ನಾನೇ ಬೀಗ ಎಂದುಕೊಳ್ಳಿ ಎಂದ ಹಣಮೇಶ. ಹಿಂದೆ ಕುಳಿತಿದ್ದ ಸುಮಂಗಲಾ ಅತ್ತೆಯ ಬೆನ್ನನ್ನು ಜೋರಾಗಿ ಚಿವುಟಿದಳು. ಕುಬ್ರಾಬೇಗಂ ಮಾತ್ರ ಏನೂ ಗೊತ್ತಿಲ್ಲದವಳಂತೆ ಢೋಲಕಿಯ ಹಗ್ಗ ಬಿಗಿ ಮಾಡಿದಳು.

ಮರಿಲಿಂಗಮ್ಮ ಒಂದು ಗಳಿಗೆ ಯೋಚಿಸಿದಳು. ಮೆತ್ತಗೆ ಎರಡು ಸಾಲು ಹಾಡಿ ಕಳಿಸಿದರೆ ಸೀರೆ ಬರುತ್ತದೆ, ಮೈಕೂ ಬರುತ್ತದೆ. ಆದರೆ ಬೀಗನಾಗಿ ಎದುರಿಗೆ ಕುಳಿತವನನ್ನು ಬಾಯ್ತುಂಬ ಬೈಯದೆ ಕಳಿಸಿದರೆ ಅದು ಅವನಿಗೂ ಅವಮಾನ, ಹಾಡಿಗೂ ಅವಮಾನ. ಅಷ್ಟರಲ್ಲಿ ಅವಳ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. ಅವಸರದಲ್ಲಿ ತೊಟ್ಟು ಬಂದಿದ್ದನೇನೋ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಇನ್ನು ಅವಳನ್ನು ತಡೆಯುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ.

ಬಿಳಿಯಂಗಿ ತೊಟ್ಟಾನ, ಬೀಗ ಬಂದು ಕುಂತಾನ
ಗುಂಡಿಗಿ ಕಾಜ ತಪ್ಪ್ಯಾವ, ಇವರವ್ವ
ಕನ್ನಡಿ ಇಲ್ಲದ ಮನಿಯಾಕಿ

ಉಳಿದ ನಾಲ್ವರು ಎತ್ತಿಕೊಂಡರು, ಢೋಲಕಿ ಎದ್ದಿತು. ಹಣಮೇಶನ ಕೈ ಗುಂಡಿಯ ಕಡೆ ಹೋಯಿತು. ಮುಖ ಕೆಂಪಾಯಿತು, ನಗು ಬರಲಿಲ್ಲ. ಸುಮಂಗಲಾ ಕಣ್ಣು ಮುಚ್ಚಿಕೊಂಡಳು. ಆಗಲೇ ಚೊಂಬಿಗೆ ಒರಗಿದ್ದ ಮೊಬೈಲು ರಿಂಗಾಯಿತು. ಅವನ ತಾಯಿ ಮಾಳಮ್ಮನ ಫೋನು. ಹಣಮೇಶ ಗಾಬರಿಯಲ್ಲಿ ಕಟ್ ಮಾಡಲು ಹೋಗಿ ಎತ್ತಿಬಿಟ್ಟ, ಎತ್ತಿದ್ದು ಸಾಲದೆಂದು ಸ್ಪೀಕರನ್ನೂ ಒತ್ತಿದ. ಮೇಳ ಇನ್ನೂ ಹಾಡುತ್ತಲೇ ಇತ್ತು, ಅತ್ತ ಸೈದಾಪುರದಲ್ಲಿ ಆ ತಾಯಿಗೆ ಬೀಗರ ಪದ ಪೂರ್ತಿ ಕೇಳಿಸಿತು.

ಮಗನಿಗೆ ಆರು ವರ್ಷದಿಂದ ಹೆಣ್ಣು ಹುಡುಕುತ್ತಿರುವ ತಾಯಿಗೆ ಇದು ಕೇಳಿಸಿದರೆ ಏನಾಗಬೇಕೋ ಅದೇ ಆಯಿತು.

"ಹಣಮೇಶ, ಯಾರ ಮನ್ಯಾಗ ಕುಂತಿದಿ? ಹಡದಾಕಿಗಿ ಹೇಳದ ಅರಿಶಿಣ ಹಚ್ಚಿಸ್ಕೊಳ್ಳಾಕತ್ತಿಯೇನು?"

ಇದು ಆಫೀಸಿನ ಕೆಲಸ ಎಂದು ಹಣಮೇಶ ಗೋಗರೆದ. ಆಫೀಸಿನಲ್ಲಿ ಬೀಗರ ಪದ ಯಾರು ಹಾಡುತ್ತಾರೆ, ಹುಡುಗಿ ಯಾರ ಪೈಕಿ, ಕೈಗೆ ಬಳೆ ಇಟ್ಟಾಯಿತೇ, ಒಂದಾದ ಮೇಲೊಂದು ಬರುತ್ತಲೇ ಇತ್ತು. ಆಕೆಯ ದನಿಯಲ್ಲಿ ಅರ್ಧ ಸಿಟ್ಟು, ಅರ್ಧ ಖುಷಿ. ಕೊನೆಗೆ ಮರಿಲಿಂಗಮ್ಮನೇ ಫೋನು ಇಸಿದುಕೊಂಡು, ಮದುವೆ ಇಲ್ಲ, ಹುಡುಗಿ ಇಲ್ಲ, ಹಾಡು ಕೇಳಲು ಬಂದ ನಿಮ್ಮ ಮಗನನ್ನು ಸುಮ್ಮನೆ ಬೀಗ ಮಾಡಿಕೊಂಡೆವು ಎಂದು ತಿಳಿಸಿ ಹೇಳಿದಳು. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.

"ಹಾಡಿದಾಕಿ ನೀನೇ ಏನವ್ವ?"

"ಹೌದವ್ವ, ನಾನೇ."

"ನಮ್ಮ ಮನ್ಯಾಗ ಕನ್ನಡಿ ಇಲ್ಲ ಅಂದಾಕಿ?"

ಮರಿಲಿಂಗಮ್ಮ ಹೂಂ ಎಂದಳು. ಫೋನಿನಲ್ಲಿ ಕೆಮ್ಮಿ ಗಂಟಲು ಸರಿ ಮಾಡಿಕೊಂಡ ಸದ್ದು ಬಂತು.

ಕನ್ನಡಿ ನಮ್ಮನ್ಯಾಗ ಆಳೆತ್ತರ ಅದವ್ವ
ಪರಗಂಡಸಿನ ಗುಂಡಿ ಎಣಿಸ್ಯಾಳ, ಬೀಗತಿ
ಗಂಡಗ ಅಂಗಿ ಇಲ್ಲೇನ

ಎಲ್ಲರೂ ಬಾಗಿಲ ಕಡೆ ನೋಡಿದರು. ಗದ್ದಲ ಕೇಳಿ ಬಂದ ಮರಿಲಿಂಗಮ್ಮನ ಗಂಡ ಖಂಡಪ್ಪ ಅಲ್ಲಿ ನಿಂತಿದ್ದ, ಸೊಂಟಕ್ಕೆ ಧೋತರ, ಹೆಗಲಿಗೆ ಟವೆಲು, ಅಂಗಿ ಇಲ್ಲ. ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಕುಬ್ರಾಬೇಗಂ ಢೋಲಕಿಯ ಮೇಲೆ ಬಿದ್ದು ನಕ್ಕಳು. ಖಂಡಪ್ಪ ಏನೂ ತಿಳಿಯದೆ ಒಳಗೆ ಹೋಗಿ ಅಂಗಿ ತೊಟ್ಟು ಬಂದ, ಮತ್ತೆ ನಕ್ಕರು. ಹಣಮೇಶನೂ ಪುಸ್ತಕ ಬಿಟ್ಟು ಕಣ್ಣೊರೆಸಿಕೊಂಡ.

ಮರಿಲಿಂಗಮ್ಮ ಮಾತ್ರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಹನ್ನೆರಡು ವರ್ಷದ ಮೇಲೆ ಬಂದ ಉತ್ತರ ಅದು. ಅವಳು ಸೈದಾಪುರದ ಸಾರಿನ ಮೇಲೆ ಹಾಡು ಕಟ್ಟಿದಳು, ಮಾಳಮ್ಮ ರಂಗಂಪೇಟೆಯ ರೊಟ್ಟಿಯ ಮೇಲೆ ಕಟ್ಟಿದಳು. ನೆಟ್‌ವರ್ಕ್ ಹೋದಾಗ ಇವಳು ಅಂಗಳಕ್ಕೆ ಓಡಿದಳು, ಇಡೀ ಮೇಳ ಹಿಂದೆ ಓಡಿತು. ಮುಕ್ಕಾಲು ತಾಸಿಗೆ ಮೊಬೈಲು ಸತ್ತುಹೋಯಿತು.

ಹೊರಡುವ ಮುಂಚೆ ಹಣಮೇಶ ಗುಂಡಿ ಸರಿಮಾಡಿಕೊಂಡು, ನಿಜವಾಗಿ ನಿಮಗೇನು ಬೇಕು ಎಂದು ಕೇಳಿದ. ಸುಮಂಗಲಾ ಬಾಯಿ ತೆರೆದಳು, ಮರಿಲಿಂಗಮ್ಮ ಅವಳ ಕೈ ಹಿಡಿದಳು.

"ಸೀರಿ ನಮಗ ಅದಾವ್ರಿ. ಹುಡುಗ್ಯಾರಿಗಿ ಎರಡೂ ಕಡಿ ಹಾಡಾಕ ಕಲಿಸಬೇಕು. ಬೈಯ್ಯಾಕ ನಾ ಕಲಿಸ್ತೀನಿ, ಉತ್ತರ ಕೊಡಾಕ ನಿಮ್ಮವ್ವ ಬರ್ಲಿ."

ಹಣಮೇಶ ಪುಸ್ತಕ ಮುಚ್ಚಿದ. ತನ್ನ ತಾಯಿಯೇ ಇದರಲ್ಲಿ ಸೇರಿದ ಮೇಲೆ ತಾನು ಅಭಿಪ್ರಾಯ ಕೊಡುವಂತಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದು ಫೈಲನ್ನು ಬೇರೆಯವರಿಗೆ ಒಪ್ಪಿಸುತ್ತೇನೆ, ಅವರು ಏನು ಮಾಡುತ್ತಾರೋ ಹೇಳಲಾರೆ ಎಂದ. ಅವನ ಗಾಡಿ ತಿರುವು ದಾಟುತ್ತಲೇ ಸುಮಂಗಲಾ ಅತ್ತುಬಿಟ್ಟಳು. ಮರಿಲಿಂಗಮ್ಮ ಸೊಸೆಯ ಕಣ್ಣೊರೆಸಿದಳು, ಆದರೆ ಅಂದಿನಿಂದ ಪೋಸ್ಟಿನವನು ಬರುವ ಹೊತ್ತಿಗೆ ತಾನೇ ಕಟ್ಟೆಯ ಮೇಲೆ ಕೂರತೊಡಗಿದಳು. ಒಮ್ಮೆ ಉತ್ತರದ ರುಚಿ ಹತ್ತಿದ ಮೇಲೆ ಅದಿಲ್ಲದೆ ಹಾಡುವುದು ಮೊದಲಿಗಿಂತ ಕಷ್ಟವಾಗಿತ್ತು. ಎರಡು ಮದುವೆಯ ಕರೆ ಬಂದವು, ಮೈ ಸರಿಯಿಲ್ಲವೆಂದು ಹೋಗಲಿಲ್ಲ.

ನಲವತ್ತು ದಿನಕ್ಕೆ ಪತ್ರ ಬಂತು. ಸುಮಂಗಲಾ ಒಂದು ಸಲ ಮನಸ್ಸಿನಲ್ಲಿ ಓದಿ, ಇನ್ನೊಂದು ಸಲ ಓಣಿಗೆಲ್ಲ ಕೇಳುವಂತೆ ಓದಿದಳು. ರೆಕಾರ್ಡಿಂಗು ಮಾಳಮ್ಮನ ಫೋನು ಬಂದಲ್ಲಿಗೇ ನಿಂತಿತ್ತಂತೆ, ಆದರೆ ಹಣಮೇಶ ಉಳಿದದ್ದನ್ನು ಖಂಡಪ್ಪನ ಟವೆಲಿನ ಸಮೇತ ಬರೆದಿದ್ದ. ಒಂದು ವರ್ಷದ ಅನುದಾನ ಮಂಜೂರಾಗಿತ್ತು. ತಿಂಗಳಿಗೆ ಎರಡು ಭಾನುವಾರ, ಎರಡೂ ಊರಿಗೆ ನಡುವೆ ಇರುವ ಶಹಾಪುರದಲ್ಲಿ ಕಲಿಸಬೇಕು. ಮಾಳಮ್ಮನಿಗೆ ಗೌರವಧನ ಕೊಡುತ್ತೇವೆಂದು ಪ್ರತಿಷ್ಠಾನದವರು ಫೋನು ಮಾಡಿದರೆ, ಬೀಗರು ದುಡ್ಡು ಇಸಕೊಂಡು ಬೈಸಿಕೊಳ್ಳುವುದು ಯಾವ ದೇಶದ ಪದ್ಧತಿ ಎಂದು ಅವರಿಗೇ ಬೈದಳಂತೆ. ಊಟಕ್ಕೆ ಮಾತ್ರ ಹೋಳಿಗೆ ಇರಲೇಬೇಕು ಎಂದಳಂತೆ.

ಮೊದಲ ಭಾನುವಾರ ಶಹಾಪುರದ ಸಮುದಾಯ ಭವನದಲ್ಲಿ ಇಪ್ಪತ್ತೆರಡು ಹುಡುಗಿಯರು ಎದುರುಬದುರು ಎರಡು ಸಾಲು ಕುಳಿತಿದ್ದರು. ಮಾಳಮ್ಮ ಬಸ್ಸಿಳಿದು ಬಂದಳು. ಗಿಡ್ಡ ಆಳು, ದಪ್ಪ ಕನ್ನಡಕ. ಮರಿಲಿಂಗಮ್ಮ ಎದ್ದು ಕೈ ಹಿಡಿಯಲು ಹೋದರೆ ಆಕೆ ಹಿಡಿಯಲಿಲ್ಲ. ನೆಟ್ಟಗೆ ಎದುರು ಸಾಲಿಗೆ ಹೋಗಿ, ಕುಳಿತು, ಸೆರಗು ಸರಿಮಾಡಿಕೊಂಡು ಶುರು ಮಾಡಿದಳು.

ಸುರಪುರದ ಬೀಗತಿ ಸುದ್ದಿ ಕೇಳಿ ಬಂದೇನ
ಬಾಯಿ ಆನಿ ಗಾತ್ರ ಅಂದಾರ, ಬಂದು ನೋಡಿದರ
ಹಲ್ಲು ಎರಡೇ ಉಳಿದಾವ

ಕುಬ್ರಾಬೇಗಂ ಢೋಲಕಿ ನಿಲ್ಲಿಸಿದಳು. ಎಲ್ಲರೂ ಮರಿಲಿಂಗಮ್ಮನ ಕಡೆ ತಿರುಗಿದರು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಾಲು ಹುಡುಕಿದಳು, ಸಿಗಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ಚೆನ್ನಾಗಿ ತನ್ನನ್ನು ಯಾರೂ ಬೈದಿರಲಿಲ್ಲ.

"ಸೋತೆ ಬೀಗತಿ," ಎಂದಳು. "ಸೋತು ಹನ್ನೆರಡು ವರ್ಷ ಆಗಿತ್ತು."

"ಇಷ್ಟಕ್ಕೇ ಸೋತರ ನಾ ಈಗಿನ ಬಸ್ಸಿಗೇ ಹೊಳ್ಳಿ ಹೋಗ್ತೀನಿ," ಎಂದಳು ಮಾಳಮ್ಮ. "ಹಾಡು."

ಮರಿಲಿಂಗಮ್ಮ ಕಣ್ಣೊರೆಸಿಕೊಂಡು ಅವಳನ್ನು ಕನ್ನಡಕದಿಂದ ಕಾಲುಂಗುರದವರೆಗೆ ನಿಧಾನಕ್ಕೆ ನೋಡತೊಡಗಿದಳು. ಚೆನ್ನಾಗಿ ಕಾಣಲೆಂದು ಮಾಳಮ್ಮ ಇನ್ನಷ್ಟು ನೆಟ್ಟಗೆ ಕುಳಿತಳು.