ಗೋಲಿನ ಮುಂದಿನ ಸುಣ್ಣದ ಗೆರೆ

ರೇಷ್ಮೆ ಹುಳು ಸಾಕುವವನಿಗೆ ಕ್ವಾರಂಟೈನ್ ಅಂದರೇನು ಅಂತ ಯಾರೂ ಪಾಠ ಹೇಳಬೇಕಿಲ್ಲ. ಹುತ್ತೂರಿನಲ್ಲಿ ನಮ್ಮಪ್ಪನ ಕಾಲದಿಂದಲೂ ಹುಳುಮನೆಯ ಹೊಸಿಲಿನ ಹೊರಗೆ ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ ಒಂದು ಗೆರೆ ಎಳೆಯುತ್ತೇವೆ. ಒಳಗೆ ಬರುವವರು ಯಾರೇ ಆಗಲಿ, ಮದ್ದಿನ ನೀರಿನಲ್ಲಿ ಕಾಲು ಅದ್ದಿ, ಗೆರೆಯನ್ನು ತುಳಿಯದೆ ದಾಟಬೇಕು. ಬೀಗರಿಗೂ ಇದೇ, ಎಂಎಲ್‌ಎಗೂ ಇದೇ. ಹುಳಕ್ಕೆ ರೋಗ ತಗುಲಿದರೆ ಒಂದು ಬೆಳೆಯೇ ಹೋದಂತೆ. ಹಾಗಾಗಿ ಕೊರೋನಾ ಬಂದು, ಆಟೋದಲ್ಲಿ ಮೈಕು ಕಟ್ಟಿಕೊಂಡು ಕೈ ತೊಳೆಯಿರಿ, ದೂರ ನಿಲ್ಲಿ ಅಂತ ಊರೂರು ಕೂಗಿದಾಗ ನನಗೆ ನಗು ಬಂದಿತ್ತು. ಆ ನಗು ಬಹಳ ದಿನ ಉಳಿಯಲಿಲ್ಲ.

ನನ್ನ ಮಗಳು ರಂಜಿತ ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದಳು. ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ಮೂರು ವರ್ಷ ಆಡಿದಳು, ನಾನು ಒಂದು ಮ್ಯಾಚನ್ನೂ ನೋಡಲಿಲ್ಲ. ಅವಳ ಮ್ಯಾಚಿನ ದಿನವೇ ಹುಳು ಕೊನೆಯ ಪೊರೆ ಬಿಟ್ಟು ಎದ್ದು, ಹೊತ್ತು ಗೊತ್ತಿಲ್ಲದೆ ಸೊಪ್ಪು ತಿನ್ನುತ್ತಿರುತ್ತಿತ್ತು. "ಹುಳಕ್ಕೆ ಅಪ್ಪ ಅವ್ನೆ, ನಂಗಿಲ್ಲ" ಅಂತ ಒಂದು ಸಲ ನನ್ನ ಹೆಂಡತಿ ಮುನಿಲಕ್ಷ್ಮಿಯ ಹತ್ತಿರ ಅಂದಳಂತೆ. ಮುನಿಲಕ್ಷ್ಮಿ ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ಅವತ್ತಿನಿಂದ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಎರಡನೇ ಅಲೆ ಇಳಿಯುತ್ತಿದ್ದ ಆ ಜುಲೈಯಲ್ಲಿ ಗೂಡಿನ ಮಾರುಕಟ್ಟೆಯನ್ನು ನಂಬಲಾರದೆ ನಾನು ಹುಳು ತಂದಿರಲಿಲ್ಲ. ಹುಳುಮನೆ ಖಾಲಿ ಹೊಡೆಯುತ್ತಿತ್ತು. ಕೋಲಾರಕ್ಕೂ ಮಾಲೂರಿಗೂ ಮ್ಯಾಚ್ ಅಂತ ಗೊತ್ತಾಯಿತು. ರಂಜಿತಳದು ಕೊನೆಯ ವರ್ಷ, ಇದೇ ಕೊನೆಯ ಮ್ಯಾಚ್. ಈ ಸಲ ಬಂದೇ ಬರ್ತೀನಿ ಅಂದೆ. ಅವಳು ಬೂಟಿನ ದಾರ ಕಟ್ಟುತ್ತಾ "ನೋಡಣ" ಅಂದಳು.

ಅಷ್ಟರಲ್ಲಿ ರೂಲ್ಸು ಅಡ್ಡ ಬಂತು. ಮದುವೆಗೆ ನೂರು ಜನ, ಹೆಣಕ್ಕೆ ಇಪ್ಪತ್ತು. ಬಸ್ಸಿನಲ್ಲಿ ಸೀಟು ತುಂಬ ಜನ, ಟೊಮೆಟೊ ಮಂಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆದರೆ ಗಾಳಿಯಾಡುವ ಮೈದಾನದ ಅಂಚಿನಲ್ಲಿ ಒಬ್ಬ ಅಪ್ಪ ನಿಲ್ಲಬಾರದು. ಮ್ಯಾಚ್ ಆಡುವಂತಿಲ್ಲ, ಅಭ್ಯಾಸ ಮಾಡಬಹುದು. ತಂಡದ ಕೋಚ್ ಶ್ಯಾಮಲಮ್ಮ ಮೇಡಂ ಆಫೀಸಿನಿಂದ ಆಫೀಸಿಗೆ ಅಲೆದು, ಕೊನೆಗೆ 'ಅಭ್ಯಾಸ' ಅಂತಲೇ ಅರ್ಜಿ ಬರೆದು ಒಪ್ಪಿಗೆ ತಂದಿದ್ದರು. ಇಪ್ಪತ್ತೆರಡು ಹುಡುಗಿಯರು, ಇಬ್ಬರು ಕೋಚ್, ಒಬ್ಬ ರೆಫರಿ, ಅಷ್ಟೆ. ಗೆರೆ ಕಾಯುವ ಲೈನ್‌ಮನ್‌ಗೂ ಜಾಗವಿಲ್ಲ. ಇನ್ನೊಂದು ತಲೆ ಕಂಡರೆ ಆಟ ಬಂದ್, ಮೇಡಂ ಮೇಲೆ ಕೇಸು. ಹುಳುವೇ ನನಗೆ ರಜೆ ಕೊಟ್ಟಿತ್ತು, ಆಫೀಸಿನವರು ಕೊಡಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ನಾನೂ ಬಿಡಲಿಲ್ಲ. ಬೆನ್ನಿಗೆ ಸ್ಪ್ರೇಯರ್ ಏರಿಸಿ, ಸುಣ್ಣದ ಚೀಲ ಹಿಡಿದು ಮಧ್ಯಾಹ್ನವೇ ಮೈದಾನಕ್ಕೆ ಹೋದೆ.

"ಮೇಡಂ, ಎಲ್ಲಾ ಕಡೆ ಔಷ್ದಿ ಹೊಡ್ದು ಕೊಡ್ತೀನಿ. ಆಮೇಲೆ ಒಂದ್ ಮೂಲೇಲಿ ನಿಂತ್ಕೊಂತೀನಿ."

"ಔಷ್ದಿ ಹೊಡೀರಿ ಕೋದಂಡರಾಮಪ್ಪ. ಮೂಲೆ ವಿಷ್ಯ ಆಮೇಲೆ ನೋಡಣ" ಅಂದರು ಮೇಡಂ.

ಬೆಂಚು, ನಲ್ಲಿ, ಗೇಟು ಎಲ್ಲಕ್ಕೂ ಹೊಡೆದೆ. ಕೊನೆಗೆ ಸಾಮಾನಿನ ಕೋಣೆಯ ಮುಂದಿದ್ದ ಗೋಲಿನ ಹತ್ತಿರ ಬಂದೆ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಬಲೆಯಿಲ್ಲ. ನನ್ನ ಕಣ್ಣಿಗೆ ಅದು ಬಾಗಿಲಾಗಿಯೇ ಕಂಡಿತು. ಕಂಬಗಳ ನಡುವೆ ಮಳೆಗೆ ಮಾಸಿದ ಹಳೆಯ ಗೆರೆಯೊಂದು ಹೊಸಿಲಿನ ಹಾಗೆ ಬಿದ್ದಿತ್ತು. ಹೊಸಿಲಿನಿಂದ ಒಂದು ಗೇಣು ಹೊರಗೆ, ಮನೆಯಲ್ಲಿ ಮಾಡುವ ಹಾಗೆಯೇ, ಸುಣ್ಣದ ಗೆರೆ ಎಳೆದೆ. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿ ಎಳೆಯಿತು. ಎರಡು ತುದಿಗೂ ಒಳಮುಖವಾಗಿ ಒಂದೊಂದು ಕೊಕ್ಕೆ ಬಿಟ್ಟೆ. ಅದು ನಮ್ಮಪ್ಪ ಕಲಿಸಿದ್ದು, ಊರಿನಲ್ಲಿ ಬೇರೆ ಯಾರೂ ಹಾಗೆ ಬಿಡುವುದಿಲ್ಲ. ಆಚೆಯ ಗೋಲಿಗೆ ಹೊರಡಬೇಕು ಅನ್ನುವಷ್ಟರಲ್ಲಿ ಗೇಟಿನ ಮುಂದೆ ಪೊಲೀಸ್ ಜೀಪು ನಿಂತಿತು.

ಮೇಡಂ ನನ್ನ ರಟ್ಟೆ ಹಿಡಿದು ಸಾಮಾನಿನ ಕೋಣೆಗೆ ತಳ್ಳಿದರು. "ಕೆಮ್ಮಬೇಡಿ, ಕೂಗಬೇಡಿ. ಅವ್ರು ಹೋಗೋ ತಂಕ ನೀವು ಇಲ್ಲಿ ಇಲ್ಲ" ಅಂದರು. ಹೊರಗಿನಿಂದ ಬೀಗ ಬಿತ್ತು.

ಅವರು ಹೋಗಲಿಲ್ಲ. ಇಬ್ಬರು ಪೇದೆಗಳು ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ತಗಡಿನ ಚಾವಣಿ, ಹರಿದ ಮ್ಯಾಟುಗಳು, ಇಲಿ ಹಿಕ್ಕೆಯ ನಾತ. ಗಾಳಿಗೆ ಇದ್ದುದು ಗೋಲಿನ ಕಡೆಗೆ ಕಬ್ಬಿಣದ ಜಾಲರಿ ಬಡಿದ ಒಂದು ಸಣ್ಣ ಕಿಟಕಿ. ನನ್ನ ಬಟ್ಟೆಯ ಬ್ಲೀಚಿಂಗ್ ವಾಸನೆ ನನಗೇ ಉಸಿರು ಕಟ್ಟಿಸುತ್ತಿತ್ತು. ತಟ್ಟೆಯಲ್ಲಿ ಹಾಕಿ ಬಲೆ ಮುಚ್ಚಿದ ಹುಳಕ್ಕೆ ಹೇಗಿರುತ್ತದೆ ಅಂತ ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು. ಹುಳಕ್ಕಾದರೆ ನಾನು ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಿದ್ದೆ. ಇಲ್ಲಿ ಒಂದು ಲೋಟ ನೀರಿಗೂ ಗತಿಯಿಲ್ಲ.

ಮೊದಲರ್ಧದಲ್ಲಿ ರಂಜಿತ ಆಚೆಯ ಗೋಲಿನಲ್ಲಿದ್ದಳು. ನನಗೆ ಕಂಡಿದ್ದು ಮಾಲೂರಿನ ಗೋಲ್‌ಕೀಪರ್ ಹುಡುಗಿಯ ಬೆನ್ನು ಮಾತ್ರ. ಚೆಂಡು ಈ ಕಡೆ ಬರಲೇ ಇಲ್ಲ. ಮುಕ್ಕಾಲು ಗಂಟೆ ಬೇರೆಯವರ ಮಗಳ ಬೆನ್ನು ನೋಡಿಕೊಂಡು ನಿಂತೆ. ಮಂತ್ರಿಯಿಂದ ಹಿಡಿದು ಆ ಪೇದೆಗಳವರೆಗೆ ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ.

ಆಮೇಲೆ ಬದಿ ಬದಲಾಯಿತು. ನನ್ನ ಮಗಳು ನಡೆದುಕೊಂಡು ನನ್ನ ಕಡೆಗೇ ಬಂದಳು. ಸುಣ್ಣದ ಗೆರೆಯ ಮುಂದೆ ನಿಂತಳು. ಬಗ್ಗಿ ನೋಡಿದಳು. ಒರೆಸುವವಳ ಹಾಗೆ ಕಾಲು ಎತ್ತಿದಳು, ಎತ್ತಿದ ಕಾಲನ್ನು ಹಾಗೇ ಆಚೆ ಇಟ್ಟು, ಗೆರೆ ತುಳಿಯದೆ ದಾಟಿದಳು. ನನ್ನಿಂದ ಹತ್ತು ಹೆಜ್ಜೆ ಇರಬಹುದು.

ಅವಳು ಆಡಿದ್ದನ್ನು ಹೇಗೆ ಹೇಳಲಿ? ಮನೆಯಲ್ಲಿ ಸೊಪ್ಪಿನ ಬುಟ್ಟಿ ಎತ್ತೋದಕ್ಕೆ ಹತ್ತು ಸಲ ಕರೆಯಬೇಕಾದ ಹುಡುಗಿ ಅಲ್ಲಿ ಮಣ್ಣಿಗೆ ಬಿದ್ದು, ಬಿದ್ದಲ್ಲಿಂದಲೇ ಹಾರಿ, ಮೂರು ಚೆಂಡು ತಡೆದಳು. ನಾನು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ಇಷ್ಟು ವರ್ಷ ಏನು ಕಳೆದುಕೊಂಡೆ ಅಂತ ನಾಚಿಕೆಯೂ ಆಯಿತು.

ಇನ್ನು ಐದು ನಿಮಿಷ ಇತ್ತು, ಎರಡು ಕಡೆಯೂ ಗೋಲಿಲ್ಲ. ಮಾಲೂರಿನ ಹುಡುಗಿ ನೆಲ ಸವರುವ ಹಾಗೆ ಒದ್ದಳು. ರಂಜಿತ ಅಡ್ಡ ಬಿದ್ದು ಚೆಂಡನ್ನು ಹಳೆಯ ಗೆರೆಯ ಮೇಲೆಯೇ ಅವುಚಿ ಹಿಡಿದಳು. ಗೆರೆಯನ್ನು ಪೂರ್ತಿ ದಾಟದ ಚೆಂಡು ಗೋಲಲ್ಲ. ಆದರೆ ನನ್ನ ಸುಣ್ಣದ ಗೆರೆಯನ್ನು ಚೆಂಡು ಪೂರ್ತಿ ದಾಟಿತ್ತು. ದೂರದಿಂದ ಓಡಿ ಬಂದ ರೆಫರಿ ಅಮರನಾಥ್ ಸೀಟಿ ಊದಿದರು.

"ಬಿಳೀ ಗೆರೆ ದಾಟೈತೆ. ಗೋಲ್."

"ಸಾರ್, ಗೋಲ್ ಗೆರೆ ಇನ್ನೂ ಹಿಂದಕ್ಕೈತೆ ಸಾರ್" ಅಂತ ನಮ್ಮ ಹುಡುಗಿಯರು ಮುತ್ತಿಕೊಂಡರು. ರಂಜಿತ ಬಿದ್ದ ರಭಸಕ್ಕೆ ಹಳೆಯ ಗೆರೆ ಇದ್ದಷ್ಟೂ ಅಳಿಸಿಹೋಗಿತ್ತು.

"ಹಂಗಾದ್ರೆ ಇದನ್ಯಾರು ಹಾಕಿದ್ದು? ಹಾಕಿದೋರು ಬಂದು ಹೇಳ್ಲಿ, ಗೋಲ್ ವಾಪಸ್ ತಗೊಂತೀನಿ" ಅಂದರು ಅಮರನಾಥ್.

ಶ್ಯಾಮಲಮ್ಮ ಮೇಡಂ ಗೇಟಿನ ಕಡೆ ನೋಡಿದರು. ಗಲಾಟೆ ಕೇಳಿ ಒಬ್ಬ ಪೇದೆ ಎದ್ದು ಬರುತ್ತಿದ್ದ. ಅತ್ತ ದರಿ, ಇತ್ತ ಪುಲಿ. ನಾನು ಹಾಕಿದ್ದು ಅಂದರೆ ಆಟ ನಿಲ್ಲುತ್ತದೆ, ಮೇಡಂ ಠಾಣೆ ಹತ್ತಬೇಕು. ಅನ್ನದಿದ್ದರೆ ನನ್ನ ಮಗಳು ತಡೆದ ಚೆಂಡು ನನ್ನ ಕೈಯಿಂದಲೇ ಗೋಲಾಗುತ್ತದೆ. ಎರಡೂ ಕೈಯಲ್ಲಿ ಜಾಲರಿ ಹಿಡಿದೆ. ಆಗಿದ್ದಾಗಲಿ ಅಂತ ಬಾಯಿ ತೆರೆದೆ.

ಜಾಲರಿಯಲ್ಲಿ ನನ್ನ ಬೆರಳು ಕಂಡವೋ ಏನೋ, ಅಷ್ಟರಲ್ಲಿ ರಂಜಿತಳ ಕೈಯಿಂದ ಚೆಂಡು ಜಾರಿತು. ಉರುಳಿಕೊಂಡು ಬಂದು ನನ್ನ ಕಿಟಕಿಯ ಕೆಳಗೆ ನಿಂತಿತು. ಅವಳು ಅದನ್ನು ಎತ್ತಲು ಬಂದಳು. ಬಗ್ಗಿದವಳು ತಲೆ ಎತ್ತದೆ, ನಮ್ಮ ಮನೆಯ ತೆಲುಗಿನಲ್ಲಿ, ಸುಮ್ಮನಿರು ಅಪ್ಪ ಅಂದಳು.

"ಊರ್ಕೋ ನಾಯ್ನಾ."

ಚೆಂಡು ಹಿಡಿದು ವಾಪಸ್ ಹೋದಳು. "ಆಡಣ ಸಾರ್, ಟೈಮ್ ಹೋಗ್ತೈತೆ" ಅಂದಳು. ಪೇದೆ ಅರ್ಧ ದಾರಿಯಿಂದ ತಿರುಗಿ ಕುರ್ಚಿಗೆ ಹೋದ. ಕೋಲಾರ ಒಂದು ಗೋಲಿನಿಂದ ಸೋತಿತು.

ಜೀಪು ಹೋಗಿ, ಮೇಡಂ ಬೀಗ ತೆಗೆದಾಗ ಆರು ಗಂಟೆ ದಾಟಿತ್ತು. ಊರಿಗೆ ಬಂದವನು ಮನೆಯೊಳಗೆ ಹೋಗಲು ಮುಖವಿಲ್ಲದೆ ಖಾಲಿ ಹುಳುಮನೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ರಂಜಿತ ಬಾಗಿಲಿಗೆ ಬಂದಳು. ಮೊಣಕೈ ತರಚಿತ್ತು.

"ನನ್ ಗೆರೆಯಿಂದ ಸೋತ್ಬಿಟ್ಟೆ ಕಣಮ್ಮ" ಅಂದೆ.

"ಅಳಿಸಿಬಿಡಣ ಅಂತ ಕಾಲು ಎತ್ತಿದ್ದೆ ನಾಯ್ನಾ. ಕೊಕ್ಕೆ ಕಾಣ್ತು. ನೀನು ಬಂದಿದ್ದೀಯ ಅಂತ ಗೊತ್ತಾಯ್ತು. ಆಮೇಲೆ ಅಳ್ಸೋಕೆ ಮನ್ಸು ಬರ್ಲಿಲ್ಲ."

ಹುಳವಿಲ್ಲದಿದ್ದರೂ ಮುನಿಲಕ್ಷ್ಮಿ ಹೊಸಿಲಿನ ಮುಂದೆ ಮದ್ದಿನ ನೀರು ಇಟ್ಟಿದ್ದಳು, ಗೆರೆಯನ್ನೂ ಎಳೆದಿದ್ದಳು. ರಂಜಿತ ಕಾಲು ಅದ್ದಿ, ಗೆರೆ ದಾಟಿ ಒಳಗೆ ಬಂದು ನನ್ನ ಪಕ್ಕ ಕೂತಳು.