ಸೋಮವಾರದ ನೀರು

ಇರಕಲ್ಲಗಡದ ಆಚೆಯ ಆ ಊರಿನಲ್ಲಿ ಬೋರಿನ ನೀರು ಪ್ರತಿ ಸೋಮವಾರ ಮೇಲೇರುತ್ತಿತ್ತು. ಮಳೆ ಕೈಕೊಟ್ಟು ಎರಡನೆಯ ವರ್ಷ. ಸುತ್ತಲಿನ ಬೋರುಗಳೆಲ್ಲ ಗಾಳಿ ಕೆಮ್ಮುತ್ತಿದ್ದರೆ, ಇಲ್ಲಿಯದು ವಾರ ವಾರವೂ ಹುರುಪಾಗಿತ್ತು.

ನೀರಿನ ಮಟ್ಟ ಅಳೆಯುವವಳು ಅತೀಯಾ. ಪಂಚಾಯಿತಿ ಅವಳಿಗೊಂದು ಟೇಪು ಕೊಟ್ಟಿತ್ತು. ತುದಿ ನೀರಿಗೆ ತಾಗಿದರೆ ಪೀಂ ಎನ್ನುತ್ತದೆ. ಮಾವ ಮದಾರಸಾಬರ ಹೊಲದಂಚಿನ ಹಳೆಯ ಬೋರಿನೊಳಗೆ ಸೋಮವಾರ ಮುಂಜಾನೆ ಅದನ್ನು ಇಳಿಬಿಡಬೇಕು. ನೀರು ಟೇಪಿನ ಕೆಂಪು ಗುರುತಿಗಿಂತ ಕೆಳಗಿಳಿದರೆ ಹೊಲದ ಪಂಪುಗಳೆಲ್ಲ ದಿನ ಬಿಟ್ಟು ದಿನ ಮಾತ್ರ ಓಡಬೇಕು ಎಂದು ಊರೇ ಕೂಡಿ ಒಪ್ಪಿದ ಕರಾರು. ಕುಡಿಯುವ ನೀರಿನ ಬೋರು ಅಲ್ಲೇ ಕೂಗಳತೆಯಲ್ಲಿತ್ತು. ಅದು ಬತ್ತಿದರೆ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಬೇಕು. ಹೋದ ಬೇಸಿಗೆಯಲ್ಲಿ ಓಡಿದ್ದ ಅತೀಯಾ, ಈ ಸಲ ಮುಂಗಾರಿನವರೆಗೆ ಅದನ್ನು ಉಳಿಸಿಕೊಳ್ಳಲೇಬೇಕೆಂದು ಹಟ ತೊಟ್ಟಿದ್ದಳು.

ಟೇಪು ಸಿಹಿಸುದ್ದಿ ಕೊಡುತ್ತಲೇ ಇತ್ತು. ಊರಿನ ನಲ್ಲಿ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಒಂದು ಸೋಮವಾರ ಬೋರಿನ ಮೇಲೆ ಬಗ್ಗಿದಾಗ ಅವಳಿಗೆ ಹಕ್ಕಿಗಳ ದನಿ ಕೇಳಿಸಿತು. ಪಂಪಿನ ಸ್ಟಾರ್ಟರ್ ಡಬ್ಬಿಯ ದೀಪ ಉರಿಯುತ್ತಿದೆ. ಆದರೂ ಯಾವ ಹೊಲದಲ್ಲೂ ಪೈಪಿನಿಂದ ನೀರು ಬೀಳುವ ಸದ್ದಿಲ್ಲ. ಪಕ್ಕದ ಹೊಲದ ಹುಲಿಗವ್ವ ಮೆಣಸಿನಗಿಡಗಳ ನಡುವೆ ಕಳೆ ಕೀಳುತ್ತಿದ್ದಳು.

"ಹುಲಿಗವ್ವಕ್ಕ, ಕರೆಂಟ್ ಐತಿ. ಪಂಪ್ ಯಾಕ ಹಚ್ಚಿಲ್ಲ?"

"ಇವತ್ತು ಸೋಮಾರ ಅಲ್ಲೇನು? ನಿನ್ನಿ ಸಂಜಿಮುಂದ ನಿಮ್ಮ ಮಾವ ಮನಿಮನಿಗೆ ಬಂದು, ಪಂಪ್ ಬಂದ್ ಇಡ್ರಿ, ನಾಳೆ ಸೊಸಿ ಅಳೀತಾಳ ಅಂತ ಹೇಳಿ ಹೋಗ್ಯಾರ. ಸೊಸಿ ಮ್ಯಾಲ ಭಾಳ ಜೀವ ಅವರಿಗೆ."

"ನನಗೊಬ್ಬಾಕಿಗೆ ಹೇಳಿಲ್ಲ ನೋಡು."

"ಪರೀಕ್ಷಾ ತಗೊಳ್ಳೋರಿಗೆ ಯಾರರ ಹೇಳ್ತಾರೇನು?"

ಮದಾರಸಾಬರ ಜೀವವೆಲ್ಲ ಕಾಯಿ ಕಟ್ಟಿದ ದಾಳಿಂಬೆಯ ಮೇಲಿತ್ತು. ಪಂಪುಗಳಿಗೆ ಒಂದು ರಾತ್ರಿ ರಜೆ ಕೊಟ್ಟರೆ ನೀರು ಏರುತ್ತದೆ. ಕರಾರು ತಪ್ಪಿಸಲು ಹೂಡಿದ ಈ ಉಪಾಯ, ನೀರು ಉಳಿಸುವುದಕ್ಕೂ ಲಾಯಕ್ಕಾಗಿದೆಯಲ್ಲ ಎಂದು ಅತೀಯಾಳಿಗೆ ಹೊಳೆಯಿತು.

ಮಧ್ಯಾಹ್ನ ರೊಟ್ಟಿ ಬಡಿಸುತ್ತ ಮಾವನಿಗೆ ಹೇಳಿದಳು, "ಅಬ್ಬಾ, ಇನ್ನ ಮ್ಯಾಲ ಸೋಮಾರ ಅಳ್ಯಾಂಗಿಲ್ಲರಿ."

ಮದಾರಸಾಬರ ಮುಖ ಅರಳಿತು. "ಛಲೋ ಆತು ಬೇಟಿ. ಬಿಸಲಾಗ ನಿನಗೂ ತ್ರಾಸ."

"ಯಾವತ್ತರ ಅಳೀತೀನ್ರಿ. ಇಂಥಾ ದಿನ ಅಂತಿಲ್ಲ. ಪಂಚಾಯ್ತಿಗೂ ಹೇಳಿ ಬಂದೀನಿ."

ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. "ಮನಿಯವರಿಗರ ಹೇಳ್ತೀ ಹೌದಲ್ಲ?"

"ಮನಿಯವರು ಊರಿಗೆಲ್ಲ ಹೇಳ್ತಾರಂತ್ರಿ."

ಅತ್ತೆ ಮೆಹಬೂಬಬೀ ಸೆರಗಿನಿಂದ ನಗು ಮುಚ್ಚಿಕೊಂಡು, "ಕಾರಟಗಿ ಬೀಗರಂಗ ನಮ್ಮ ಹೊಲಕ್ಕೇನು ಕಾಲುವಿ ನೀರು ಐತೇನ್ರಿ? ಸುಮ್ನ ಉಣ್ರಿ," ಎಂದಳು.

ಮರುದಿನದಿಂದ ಮದಾರಸಾಬರು ಟೇಪು ತೂಗುಹಾಕುವ ಗೋಡೆಯ ಗೂಟದ ಮೇಲೆ ಕಣ್ಣಿಟ್ಟರು. ಟೇಪು ಗೂಟದಲ್ಲಿದ್ದರೆ ಪಂಪು ಚಾಲೂ, ಇಲ್ಲದಿದ್ದರೆ ಬಂದ್. ಊರಿಗೂ ಅದೇ ಸುದ್ದಿ. ಅತೀಯಾಳಿಗೆ ಇದು ತಿಳಿಯಲು ತಡವಾಗಲಿಲ್ಲ. ಅವಳು ಟೇಪನ್ನು ಹೆಗಲಿಗೆ ಹಾಕಿಕೊಂಡೇ ಹಿಟ್ಟಿನ ಗಿರಣಿಗೆ ಹೋದಳು, ಸಂತೆಗೆ ಹೋದಳು, ನೆಂಟರ ಮದುವೆಗೂ ಹೋದಳು. ಜೋಳದ ಬುಟ್ಟಿ ಹೊತ್ತು ಹೊರಟರೂ ಹೊಲಗಳಲ್ಲಿ ಸ್ವಿಚ್ಚುಗಳು ಟಕ್ ಟಕ್ ಎನ್ನುತ್ತಿದ್ದವು. ಹುಲಿಗವ್ವ ತೇವ ಆರದಂತೆ ಮೆಣಸಿನಗಿಡದ ಬುಡಕ್ಕೆ ಹೊಟ್ಟು ಮುಚ್ಚಿದಳು. ಮದಾರಸಾಬರು ಗೊಣಗುತ್ತ, ಸೋರುವ ಡ್ರಿಪ್ ಪೈಪುಗಳಿಗೆ ಚಿಂದಿ ಸುತ್ತಿದರು. ದಾಳಿಂಬೆ ಸಣ್ಣದಾಗಿಯೇ ಉಳಿಯಿತು, ಉದುರಲಿಲ್ಲ. ಕರಾರಿನ ಪಾಳಿ ಬರುವ ಮೊದಲೇ ಊರು ತಾನಾಗಿ ಪಾಳಿ ಹಿಡಿದಿತ್ತು.

ಮುಂಗಾರಿನ ಮೊದಲ ಮಳೆ ಬಂದು ನಿಂತಾಗ ನಲ್ಲಿಯಲ್ಲಿ ಇನ್ನೂ ನೀರಿತ್ತು. ಆದೆಪ್ಪನ ಚಹಾದಂಗಡಿಯಲ್ಲಿ ಮದಾರಸಾಬರು ಕಾಲು ಚಾಚಿ ಕೂತಿದ್ದರು.

"ಪಂಪ್ ಬಂದ್ ಇಡ್ರಿ ಅಂತ ಮೊದಲ ಹೇಳಿದಾಂವ ಯಾರು? ನಾನ."

ಯಾರೂ ಅಲ್ಲಗಳೆಯಲಿಲ್ಲ, ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಹೆಗಲ ಮೇಲೆ ಟೇಪು, ತಲೆಯ ಮೇಲೆ ಬುಟ್ಟಿ, ಅತೀಯಾ ಗಿರಣಿಯ ಕಡೆಗೆ ಹಾದುಹೋದಳು. ಮದಾರಸಾಬರು ಅರ್ಧ ಚಹಾ ಬಿಟ್ಟು ಎದ್ದರು.

"ಎಲ್ಲಿಗ್ರಿ ಕಾಕಾ? ಹೊಲದಾಗ ನೀರು ನಿಂತೈತಿ, ಇವತ್ತು ಯಾರು ಪಂಪ್ ಹಚ್ಯಾರ?" ಎಂದ ಆದೆಪ್ಪ.

"ಹಚ್ಚಿಲ್ಲಪ," ಎನ್ನುತ್ತ ಅವರು ಚಪ್ಪಲಿ ಹುಡುಕಿದರು. "ಆದರೂ ಒಮ್ಮಿ ನೋಡಿ ಬರ್ತೀನಿ."